ಗುಂಡಿಯ ಗಟ್ಟಿಪಿಂಡಗಳು

ಬೆಳಿಗ್ಗೆ ಆರರ ಪಾಳಿಗೆ ಬಂದ ಕೆಸರಕ್ಕ ಕಾರ್ಖಾನೆಯ ಹಿಂದಿನ ಗೇಟು ದಾಟುವ ಮೊದಲೇ ನಿಂತುಬಿಟ್ಟಳು. ಗಾಳಿಯಲ್ಲಿ ಆಸ್ಪತ್ರೆಯ ವಾಸನೆ ಇತ್ತು. ಆ ವಾಸನೆ ಅಲ್ಲಿರಬಾರದಿತ್ತು.

ಅದು ಅಂಟಿನ ಕಾರ್ಖಾನೆ. ಪ್ಲೈವುಡ್ ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸುವ ಕೆಂಪು ಅಂಟನ್ನು ಅಲ್ಲಿ ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಬೇಯಿಸುತ್ತಿದ್ದರು. ಕೊಪ್ಪರಿಗೆ ತೊಳೆದ ನೀರೆಲ್ಲ ಹರಿದು ಬರುತ್ತಿದ್ದದ್ದು ಕೆಸರಕ್ಕನ ಕಡೆಗೆ. ಆ ನೀರಲ್ಲಿ ಫಿನಾಲ್ ಎಂಬ ವಿಷವಿತ್ತು. ಮನೆಯ ನೆಲ ಒರೆಸುವ ಫಿನಾಯಿಲಿನ ದೊಡ್ಡಣ್ಣ ಅಂತಿಟ್ಟುಕೊಳ್ಳಿ. ಮೈಮೇಲೆ ಬಿದ್ದರೆ ಚರ್ಮ ಬೆಳ್ಳಗೆ ಬೆಂದುಹೋಗುತ್ತದೆ, ತೊರೆಗೆ ಸೇರಿದರೆ ಮೀನುಗಳು ಅಂಗಾತ ತೇಲುತ್ತವೆ. ಹದಿನೇಳು ವರ್ಷದಿಂದ ಆ ವಿಷ ತೊರೆಗೆ ಹೋಗದಂತೆ ಕಾಯುತ್ತಿದ್ದವಳು ಅವಳು. ಹಾಗಂತ ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. "ನಾನೇನು ಮಾಡ್ತೀನಿ? ಗಾಳಿ ಬಿಡ್ತೀನಿ, ಕಡ್ಡಿ ಆಡಿಸ್ತೀನಿ. ತಿನ್ನೋರು ಅವರು," ಎಂದು ದೊಡ್ಡ ತೊಟ್ಟಿಯ ಕಡೆ ಕೈ ತೋರಿಸುತ್ತಿದ್ದಳು.

ತೊಟ್ಟಿಯಲ್ಲಿದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಲೆಕ್ಕಕ್ಕೆ ಸಿಗದಷ್ಟು. ಕೆಳಗಿನಿಂದ ಗಾಳಿ ಗುಳುಗುಳು ಎದ್ದು ಬರುವಾಗ ಅವು ಹಾಲು ಕಡಿಮೆಯಾದ ಟೀ ಬಣ್ಣದ ಕೆಸರಾಗಿ ಸುತ್ತುತ್ತಿದ್ದವು, ವಿಷವನ್ನು ಊಟದಂತೆ ತಿಂದು ತೇಗುತ್ತಿದ್ದವು. ಅವಳು ಅವುಗಳನ್ನು 'ನಮ್ಮೋರು' ಅನ್ನುತ್ತಿದ್ದಳು. "ನಮ್ಮೋರಿಗೆ ಉಸಿರು ಕಟ್ತಾ ಇದೆ, ಗಾಳಿ ಜೋರು ಮಾಡಿ," "ಭಾನುವಾರ ಕಾರ್ಖಾನೆ ರಜ, ನಮ್ಮೋರಿಗೆ ಉಪವಾಸ," ಎಂದೆಲ್ಲ ಅವಳು ಹೇಳುವುದನ್ನು ಕೇಳಿ ಹೊಸಬರು ಗಂಡನ ಮನೆಯವರ ಸುದ್ದಿ ಅಂದುಕೊಳ್ಳುತ್ತಿದ್ದರು. ನೆಲ ಗುಡಿಸಲು ಸೇರಿದವಳು, ನೋಡಿ ನೋಡಿ ಕಲಿತು, ಕೊನೆಗೆ ಕೊಳಕು ನೀರು ಶುದ್ಧಮಾಡುವ ಆ ಘಟಕದ ಜವಾಬ್ದಾರಿಯನ್ನೇ ಹೊತ್ತಿದ್ದಳು. ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯ ಕೆಸರು ಹೋಗುತ್ತಿರಲಿಲ್ಲವಾಗಿ ಎಲ್ಲರ ಬಾಯಲ್ಲೂ ಕೆಸರಕ್ಕನಾಗಿದ್ದಳು.

ನಮ್ಮೋರು ಚೆನ್ನಾಗಿದ್ದಾಗ ತೊಟ್ಟಿಯ ಬಳಿ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತಿತ್ತು. ಆ ಬೆಳಿಗ್ಗೆ ತೊಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು. ಮೇಲೆ ಬಿಳಿ ನೊರೆ ಮೊಣಕಾಲೆತ್ತರ ನಿಂತಿತ್ತು. ತೊಟ್ಟಿಯ ಕಟ್ಟೆಯ ಮೇಲೆ ಫಿಟ್ಟರ್ ಬೋಲ್ಟಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಅಕ್ಕಾ, ನನ್ನ ಕೈಯಾರೆ ಆಗೋಯ್ತು," ಅಂದ. "ಎರಡೂ ವಾಲ್ವಿಗೆ ಹೊಸದಾಗಿ ಒಂದೇ ನೀಲಿ ಬಣ್ಣ ಬಳಿದುಬಿಟ್ಟಿದ್ದಾರೆ. ತೊಳೆದ ನೀರಿಂದು ಅಂತ ತಿರುಗಿಸಿದೆ. ಫಿನಾಲಿನ ಗಟ್ಟಿ ದ್ರಾವಣದ್ದು ತೆರೆದುಕೊಂಡುಬಿಡ್ತು. ಟ್ಯಾಂಕು ಪೂರ್ತಿ ಖಾಲಿ ಆಗೋವರೆಗೂ ಯಾರಿಗೂ ಗೊತ್ತಾಗಲಿಲ್ಲ."

ಕೆಸರಕ್ಕ ಬಯ್ಯಲಿಲ್ಲ. ಆ ಹೊಸ ನೀಲಿ ಬಣ್ಣವನ್ನು ಅವಳೂ ಎರಡು ದಿನದ ಹಿಂದೆ ನೋಡಿದ್ದಳು, ಅಂದವಾಗಿದೆ ಅಂದುಕೊಂಡು ಹೋಗಿದ್ದಳು. ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಕಟ್ಟೆಯ ಮೇಲಿಟ್ಟಳು. ಬೇರೆ ದಿನವಾಗಿದ್ದರೆ ಅರ್ಧ ಗಂಟೆಯಲ್ಲಿ ಕೆಸರು ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲಬೇಕು. ಅವತ್ತು ಎರಡು ಗಂಟೆ ಕಾದರೂ ಜಾಡಿ ಕದಡಿಯೇ ಇತ್ತು. ಹದಿನೇಳು ವರ್ಷದ ಸಂಸಾರ ಒಂದೇ ಪಾಳಿಯಲ್ಲಿ ತೊಳೆದುಹೋಗಿತ್ತು. ಅವಳು ಜಾಡಿಯನ್ನು ಕೈಲಿ ಹಿಡಿದು, "ಹೋದರಪ್ಪ ಎಲ್ಲರೂ," ಅಂದಳು. ಬೋಲ್ಟಣ್ಣ ಮುಖ ಆ ಕಡೆ ತಿರುಗಿಸಿದ.

ಮಧ್ಯಾಹ್ನಕ್ಕೆ ನೀರಿನ ಅಧಿಕಾರಿ ಬಂದು ತೊರೆಗೆ ಹೋಗುವ ಕೊಳವೆಗೆ ಮುದ್ರೆ ಹಾಕಿಸಿದರು. ಒಳ್ಳೆಯ ಮನುಷ್ಯ, ಆದರೆ ಮಾತು ಕಡ್ಡಿ ಮುರಿದ ಹಾಗೆ. "ಮೂವತ್ತು ದಿನ ಕೊಡ್ತೀನಿ. ಅಷ್ಟರಲ್ಲಿ ಘಟಕ ಕೆಲಸ ಮಾಡೋದನ್ನ ತೋರಿಸಿ. ಇಲ್ಲಾಂದ್ರೆ ಕಾರ್ಖಾನೆ ತೆರೆಯೋ ಮಾತೇ ಇಲ್ಲ." ನೂರ ನಲವತ್ತು ಜನ ಮನೆಗೆ ಹೋದರು.

ಮ್ಯಾನೇಜರ್ ಸುಮ್ಮನೆ ಕೂರಲಿಲ್ಲ. ಊರಿನ ಚರಂಡಿ ನೀರು ಶುದ್ಧಮಾಡುವ ಕಡೆಯಿಂದ ಎರಡು ಟ್ಯಾಂಕರು ಕೆಸರು ತರಿಸಿದರು. ನೋಡಲು ಕಪ್ಪಗೆ ದಷ್ಟಪುಷ್ಟವಾಗಿತ್ತು. ತೊಟ್ಟಿಗೆ ಬಿಟ್ಟ ಎರಡೇ ದಿನಕ್ಕೆ ಅದೂ ಬೂದಿಯ ಬಣ್ಣಕ್ಕೆ ತಿರುಗಿ ನೊರೆಯಾಗಿ ಎದ್ದಿತು. ಊರ ಕೊಳಚೆ ಉಂಡು ಬೆಳೆದ ಜೀವಿಗಳು ಇಲ್ಲಿಯ ಊಟದ ವಾಸನೆಗೇ ಪ್ರಾಣ ಬಿಟ್ಟಿದ್ದವು. ಹಿಂದೆ ಈ ಘಟಕ ಕಟ್ಟಿದ ಕಂಪನಿಯವರು ಆರು ತಿಂಗಳು ಇಲ್ಲೇ ಇದ್ದು ಮೊದಲ ಕೆಸರನ್ನು ಬೆಳೆಸಿಕೊಟ್ಟಿದ್ದರು. ಈಗ ಆ ಕಂಪನಿಯೇ ಬಾಗಿಲು ಹಾಕಿತ್ತು.

ಕೆಸರಕ್ಕನ ಮನೆ ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸ್ ಸಾಲಿನಲ್ಲಿ ಎರಡನೆಯದು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯಲ್ಲಿ ಅವಳೂ ಮಾವನೂ. ಮಾವ ಇದೇ ಕಾರ್ಖಾನೆಯಲ್ಲಿ ಡ್ರಮ್ ಶೆಡ್ಡಿನ ಮೇಸ್ತ್ರಿಯಾಗಿದ್ದವರು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಗಾಲಿ ಕುರ್ಚಿಯೇ ಅವರ ಕಾಲು. ಬೆರಳ ತುದಿಗಳಲ್ಲೆಲ್ಲ ಬಿಳಿ ಬಿಳಿ ಕಲೆ. ಮಾತು ಕಡಿಮೆ, ಅದರಲ್ಲೂ ಕೆಲಸದ ದಿನಗಳ ಮಾತೆತ್ತಿದರೆ ಬಾಯಿಗೆ ಬೀಗ.

ಅನಾಹುತವಾದ ದಿನ ಸೊಸೆ ಒಳಗೆ ಬಂದ ಕೂಡಲೇ ಅವರು ಮೂಗರಳಿಸಿದ್ದರು. "ನಿನ್ನ ಬಟ್ಟೇಲಿ ಆ ವಾಸನೆ ಯಾಕಮ್ಮ?"

ಅವಳು ಎಲ್ಲವನ್ನೂ ಹೇಳಿದ್ದಳು. ಕೇಳಿಸಿಕೊಂಡು ಸುಮ್ಮನಾದವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಊರ ಕೆಸರೂ ಸತ್ತ ಸುದ್ದಿ ಬಂದ ಸಂಜೆ, ಅವಳು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ, ತಾವಾಗಿಯೇ ಬಾಯಿ ಬಿಟ್ಟರು.

"ಹಳೇ ಡ್ರಮ್ ಶೆಡ್ಡಿನ ಹಿಂದೆ ಒಂದು ಗುಂಡಿ ಇದೆ. ನೋಡಿದ್ದೀಯಾ?"

"ಜೊಂಡು ಬೆಳೆದಿದೆಯಲ್ಲ, ಕಪ್ಪೆ ಕೂಗೋ ಗುಂಡಿ? ನೋಡಿದ್ದೀನಿ ಮಾವ."

"ಕಪ್ಪೆ ಕೂಗುತ್ತಾ?" ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನಿಜವಾಗ್ಲೂ ಕಪ್ಪೆ ಕೂಗುತ್ತಾ? ನಮ್ಮ ಕಾಲದಲ್ಲಿ ಅಲ್ಲಿ ಸೊಳ್ಳೆ ಕೂಡ ಹುಟ್ತಿರಲಿಲ್ಲ."

ಸ್ವಲ್ಪ ಹೊತ್ತು ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದರು. ಆಗ ಶುದ್ಧೀಕರಣ ಘಟಕ ಇರಲಿಲ್ಲ. ಫಿನಾಲ್ ಬಂದ ಡ್ರಮ್ಮುಗಳನ್ನು ತೊಳೆದು ಮತ್ತೆ ಬಳಸುತ್ತಿದ್ದರು. ತೊಳೆದ ನೀರನ್ನು ಎಲ್ಲಿ ಹಾಕುವುದೆಂದು ಕೇಳಿದಾಗ ಅಂದಿನ ಯಜಮಾನರು ಹಿತ್ತಲಿನ ಕಡೆ ಕೈ ಬೀಸಿದ್ದರು. ಹನ್ನೆರಡು ವರ್ಷ ಆ ನೀರು ಆ ಗುಂಡಿಗೆ ಬಿತ್ತು. ಎಂಟನೆಯ ವರ್ಷಕ್ಕೆ ಕ್ವಾರ್ಟರ್ಸಿನ ಬಾವಿಯ ನೀರು ಔಷಧದ ವಾಸನೆ ಹೊಡೆಯತೊಡಗಿತು. ಅದಕ್ಕೆ ಕಲ್ಲುಚಪ್ಪಡಿ ಮುಚ್ಚಿದರು. ಯಾಕೆ ಕೆಟ್ಟಿತು ಅಂತ ಯಾರೂ ಹೇಳಲಿಲ್ಲ. ಬಾವಿ ಹಳೆಯದಾಯಿತು ಅಂದರು, ಅಷ್ಟೇ.

"ಹೇಳಿದ್ದು ಅವರು. ಸುರಿದದ್ದು ಈ ಕೈ," ಅಂದರು ಮಾವ. "ಚಪ್ಪಡಿ ಮುಚ್ಚೋ ದಿನ ನಾನೂ ಅಲ್ಲೇ ಇದ್ದೆ. ಕಲ್ಲೆತ್ತೋದಕ್ಕೆ ಕೈ ಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಅದಾದ ಮೇಲೂ ನಾಲ್ಕು ವರ್ಷ ಸುರಿದೆ."

ಕೆಸರಕ್ಕನ ಕೈ ಅವರ ಪಾದದ ಮೇಲೆ ನಿಂತುಹೋಯಿತು. ಮಾವ ಸಮಾಧಾನದ ಮಾತಿಗಾಗಿ ಕಾಯಲಿಲ್ಲ.

"ನಿನಗೆ ಯಾಕೆ ಹೇಳ್ದೆ ಅಂದ್ರೆ, ಅಲ್ಲಿ ಈಗ ಕಪ್ಪೆ ಇದ್ರೆ, ಆ ವಿಷನ ಯಾರೋ ತಿಂದಿದ್ದಾರೆ ಅಂತ ಅರ್ಥ ಅಲ್ವಾ? ನೀನೇ ಹೇಳ್ತಿರ್ತೀಯಲ್ಲ, ತಿನ್ನೋರು ಅವರು ಅಂತ. ಹೋಗಿ ನೋಡು. ಬಡಪೆಟ್ಟಿಗೆ ಜಗ್ಗದ ಗಟ್ಟಿಪಿಂಡಗಳು ಯಾವಾದ್ರೂ ಉಳಿದಿರಬೇಕು."

ಮರುದಿನ ಬೆಳಿಗ್ಗೆ ಕೆಸರಕ್ಕನೂ ಬೋಲ್ಟಣ್ಣನೂ ಗುದ್ದಲಿ ಹಿಡಿದು ಜೊಂಡಿನೊಳಗೆ ಇಳಿದರು. ಕಪ್ಪೆಗಳು ಪಟಪಟ ನೀರಿಗೆ ಹಾರಿದವು. ಮೇಲಿನ ಮಣ್ಣಿಗೆ ಬರೀ ಕೆರೆಯ ವಾಸನೆ. ಮೊಣಕೈ ಆಳಕ್ಕೆ ಅಗೆದಾಗಲೂ ಅದೇ. ಒಂದು ಮೊಳಕ್ಕಿಂತ ಸ್ವಲ್ಪ ಕೆಳಗೆ ಹೋದಾಗ ಕಪ್ಪು ಜಿಗುಟು ಮಣ್ಣು ಸಿಕ್ಕಿತು, ಅದರ ಜೊತೆಗೆ ಸಣ್ಣಗೆ ಆಸ್ಪತ್ರೆಯ ವಾಸನೆ.

"ಸಾಕು, ಇಲ್ಲೇ ತೆಗಿ," ಅಂದಳು ಕೆಸರಕ್ಕ. "ಒಳ್ಳೇ ಮಣ್ಣು ಮುಗಿದು ವಿಷ ಶುರುವಾಗೋ ಈ ಗಡಿಯಲ್ಲೇ ಅವರು ಕೂತು ತಿಂತಾ ಇರೋದು."

"ನಲವತ್ತು ವರ್ಷದಿಂದ ಒಂದೇ ಪಂಕ್ತಿ!" ಅಂದ ಬೋಲ್ಟಣ್ಣ. "ನನ್ನ ಭಾವಮೈದುನ ನೆನಪಾಗ್ತಾನೆ."

ನಾಲ್ಕು ಬಕೆಟ್ಟಿನಲ್ಲಿ ಆ ಮಣ್ಣನ್ನು ತಿಳಿನೀರಿಗೆ ಕಲಸಿ, ಸಣ್ಣ ಕೊಳವೆಗಳಿಂದ ಗಾಳಿ ಬಿಟ್ಟರು. ಬಡಕಲಾಗಿರುವ ಜೀವಿಗಳಿಗೆ ಮೊದಲು ಮೈ ತುಂಬಲಿ ಎಂದು ಕೆಸರಕ್ಕ ದಿನಕ್ಕೆರಡು ಹಿಡಿ ಸಕ್ಕರೆ ಹಾಕಿದಳು. ನಾಲ್ಕೇ ದಿನಕ್ಕೆ ಬಕೆಟ್ಟುಗಳು ಗಂಜಿಯಂತೆ ದಪ್ಪಗಾದವು. ಹಿಗ್ಗಿ ಹೀರೇಕಾಯಿಯಾದ ಅವಳು ಐದನೆಯ ದಿನ ಒಂದೊಂದು ಬಕೆಟ್ಟಿಗೂ ಒಂದು ದೊಡ್ಡ ಮಗ್ ಕಾರ್ಖಾನೆಯ ನೀರು ಸುರಿದಳು. ಮಾರನೆಯ ಬೆಳಿಗ್ಗೆ ನಾಲ್ಕೂ ಬಕೆಟ್ಟಿನಲ್ಲಿ ಬೂದು ನೊರೆ.

ಮೂವತ್ತರಲ್ಲಿ ಹತ್ತು ದಿನ ಹೋಗಿತ್ತು. ಅವಳು ಮನೆಗೆ ಬಂದು ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ಕೂತಳು.

"ಏನು ತಿನ್ನಿಸಿದ್ದೆ ಅವಕ್ಕೆ?" ಕೇಳಿದರು ಮಾವ.

"ಸಕ್ಕರೆ."

ಮಾವ ಬಹಳ ದಿನದ ಮೇಲೆ ನಕ್ಕರು. "ನಿನ್ನ ಗಂಡ ಚಿಕ್ಕೋನಿದ್ದಾಗ ಅವನ ಅಜ್ಜಿ ಹೀಗೇ ಮಾಡ್ತಿದ್ದಳು. ಊಟಕ್ಕೆ ಮೊದಲು ಕೈ ತುಂಬ ಮಿಠಾಯಿ. ಆಮೇಲೆ ತಟ್ಟೆ ಮುಂದೆ ಕೂರಿಸಿದ್ರೆ ಅವನು ತಿಂತಾನಾ? ಸಿಹಿ ಕೊಟ್ರೆ ಸಿಹಿ ತಿಂತಾವೆ. ವಿಷ ಯಾಕಮ್ಮ ತಿಂದಾವು? ಆ ಗುಂಡೀಲಿ ಅವಕ್ಕೆ ಬೇರೆ ಏನೂ ಸಿಕ್ಕಿರಲಿಲ್ಲ. ಅದಕ್ಕೇ ಕಲಿತವು."

ಆರು ತಿಂಗಳಿಗೊಮ್ಮೆ ನೀರಿನ ಮಾದರಿ ಪರೀಕ್ಷಿಸುತ್ತಿದ್ದ ಕಾಲೇಜಿನ ಉಪನ್ಯಾಸಕಿಯೊಬ್ಬರಿದ್ದರು. ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಮಾಡುವವರು. ಕೆಸರಕ್ಕ ಅವರಿಗೆ ಫೋನು ಮಾಡಿ, ನಾಚಿಕೆ ಬಿಟ್ಟು ನಡೆದದ್ದನ್ನೆಲ್ಲ ಹೇಳಿದಳು, ಮಾವನ ಮಿಠಾಯಿಯ ಮಾತನ್ನೂ ಸೇರಿಸಿ.

ಮೇಡಂ, "ನಿಮ್ಮ ಮಾವ ಎಷ್ಟು ಓದಿದ್ದಾರೆ?" ಎಂದು ಕೇಳಿದರು.

"ನಾಲ್ಕನೇ ಕ್ಲಾಸು ಮೇಡಂ."

"ನಾನು ಒಂದು ತಿಂಗಳು ಕಷ್ಟಪಟ್ಟು ಹೇಳಿಕೊಡೋದನ್ನ ಅವರು ಒಂದು ಮಾತಲ್ಲಿ ಹೇಳಿದ್ದಾರೆ." ಆಮೇಲೆ ನಿಧಾನವಾಗಿ ವಿವರಿಸಿದರು. "ನೋಡಿ, ಫಿನಾಲ್ ಮಾಡೋ ದೊಡ್ಡ ಅನಾಹುತ ಏನು ಅಂದ್ರೆ, ಆ ಜೀವಿಯ ಮೈಯ ತೆಳು ಪೊರೆಯನ್ನ ಸಡಿಲ ಮಾಡಿಬಿಡುತ್ತೆ. ಒಳಗಿರೋದೆಲ್ಲ ಸೋರಿಹೋಗುತ್ತೆ. ನಿಮ್ಮ ಗುಂಡಿಯವು ಅದಕ್ಕೆ ಉಪಾಯ ಕಂಡುಕೊಂಡಿರ್ತವೆ. ಪೊರೆಯನ್ನ ಬಿಗಿ ಮಾಡ್ಕೊಳ್ತವೆ. ತೂತು ಬಿದ್ದ ದೋಣಿಯಿಂದ ನೀರು ಮೊಗೆದು ಹಾಕ್ತಾರಲ್ಲ, ಹಾಗೆ ಒಳಗೆ ಬಂದ ವಿಷವನ್ನ ಹೊರಗೆ ಎತ್ತಿಹಾಕ್ತವೆ. ಕೆಲವಕ್ಕೆ ಅದನ್ನ ಕತ್ತರಿಸಿ ತಿನ್ನೋಕೂ ಬರುತ್ತೆ. ಆದ್ರೆ ಆ ಕತ್ತರಿಯನ್ನ ಸದಾ ಮಸೆದು ಇಟ್ಕೊಂಡಿರಲ್ಲ. ಬೇಕು ಅನ್ನಿಸಿದಾಗ ಮಾತ್ರ ತಯಾರು ಮಾಡೋದು. ನೀವು ಸಕ್ಕರೆ ಕೊಟ್ರಿ. ಸಕ್ಕರೆ ತಿನ್ನೋ ಸೋಮಾರಿಗಳು ಬೆಳೆದವು, ಕತ್ತರಿಯವರು ಮೂಲೆ ಸೇರಿದರು. ಆಮೇಲೆ ಒಂದೇ ಸಲಕ್ಕೆ ಒಂದು ಮಗ್!"

"ಈಗೇನು ಮಾಡ್ಲಿ?"

"ಸಕ್ಕರೆ ಬೇಡ. ಚಿಟಿಕೆ ಯೂರಿಯಾ, ಚಿಟಿಕೆ ರಂಜಕದ ಗೊಬ್ಬರ. ಊಟಕ್ಕೆ ಬರೀ ನಿಮ್ಮ ಕಾರ್ಖಾನೆ ನೀರು. ಅದೂ ಒಂದು ಚಮಚ. ತಿಂದು ಮುಗಿಸೋವರೆಗೆ ಇನ್ನೊಂದು ಚಮಚ ಕೊಡಬೇಡಿ."

ಗುಂಡಿಯಿಂದ ಮತ್ತೆ ಮಣ್ಣು ತೆಗೆದರು, ಈ ಸಲ ಆರು ಬಕೆಟ್ಟು. ಪ್ರತಿದಿನ ಒಂದೊಂದರಿಂದಲೂ ಒಂದಿಷ್ಟು ನೀರು ಸೋಸಿ ಪರೀಕ್ಷೆಯ ಗಾಜಿನ ನಳಿಗೆಗೆ ಹಾಕಿ, ಎರಡು ಸೀಸೆಗಳಿಂದ ಒಂದೊಂದು ಹನಿ ಔಷಧ ಬಿಡುವುದು. ಫಿನಾಲ್ ಇದ್ದರೆ ನೀರು ಕೆಂಪಾಗುತ್ತದೆ, ಹೆಚ್ಚಿದ್ದಷ್ಟೂ ಕೆಂಪು. ಮೊದಲ ದಿನ ಆರೂ ನಳಿಗೆ ಕೆಂಪು. ಎರಡನೆಯ ದಿನ ಕೆಂಪು. ಮೂರನೆಯ ದಿನವೂ ಕೆಂಪು. ಕೆಸರಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಹಿಂದೆ ಬಿಳಿ ಕಾಗದ ಇಟ್ಟು ನೋಡಿದಳು. ಬೋಲ್ಟಣ್ಣ ಕನ್ನಡಕ ಒರೆಸಿಕೊಂಡು, "ಈ ಐದನೇದು ಸ್ವಲ್ಪ ತೆಳು ಅನ್ನಿಸ್ತಿಲ್ವಾ ಅಕ್ಕಾ?" ಎಂದು ಆಸೆಯಿಂದ ಕೇಳುತ್ತಿದ್ದ. ತೆಳುವಾಗಿರಲಿಲ್ಲ.

ಅವನು ದಿನವೂ ಬರುತ್ತಿದ್ದ. ಕಾರ್ಖಾನೆ ಮುಚ್ಚಿತ್ತು, ಬಾ ಅಂತ ಯಾರೂ ಕರೆದಿರಲಿಲ್ಲ. ಮೊದಲ ದಿನವೇ ಅವನು ಎರಡು ವಾಲ್ವುಗಳಲ್ಲಿ ಒಂದಕ್ಕೆ ಕಣ್ಣು ಕುಕ್ಕುವ ಕೆಂಪು ಬಳಿದು, ಅದರ ಚಕ್ರಕ್ಕೊಂದು ಸರಪಳಿ ಹಾಕಿ ಬೀಗ ಜಡಿದಿದ್ದ. ಈಗ ಗಾಳಿಯ ಕೊಳವೆ ಕಟ್ಟಿಕೊಂಡರೆ ಬಿಡಿಸುತ್ತಿದ್ದ, ಟೀ ಕಾಯಿಸುತ್ತಿದ್ದ, ಬಕೆಟ್ಟುಗಳಿಗೆ ನೆರಳು ಕಟ್ಟುತ್ತಿದ್ದ.

ಆರನೆಯ ಬೆಳಿಗ್ಗೆ ಐದನೆಯ ಬಕೆಟ್ಟು ಹಳದಿಯಾಗಿತ್ತು. ಸಣ್ಣ ಹಳದಿಯಲ್ಲ, ನಿಂಬೆಹಣ್ಣಿನ ಸಿಪ್ಪೆಯಂಥ ಢಾಳು ಹಳದಿ. ಉಳಿದ ಐದು ಇದ್ದ ಹಾಗೇ ಮಂಕಾಗಿದ್ದವು. ಇಂಥ ಬಣ್ಣವನ್ನು ಕೆಸರಕ್ಕ ಹದಿನೇಳು ವರ್ಷದಲ್ಲಿ ನೋಡಿರಲಿಲ್ಲ.

ಅದೇ ಹೊತ್ತಿಗೆ ಮ್ಯಾನೇಜರ್ ಬಂದರು. ಪಾಪ, ಅವರ ಮುಖ ಹದಿನೈದು ದಿನದಲ್ಲಿ ಹತ್ತು ವರ್ಷ ಮುದಿಯಾಗಿತ್ತು. ಬಕೆಟ್ಟು ನೋಡಿ ಮೂಗು ಮುಚ್ಚಿಕೊಂಡರು. "ಇದೇನು, ಕೊಳೆತು ಕೀವು ಆದಂಗಿದೆ! ಉಳಿದವಕ್ಕೂ ತಗುಲೀತು. ಮೊದಲು ಚೆಲ್ಲಿ ಇದನ್ನ."

ಬೋಲ್ಟಣ್ಣ ಬಕೆಟ್ಟಿನ ಹಿಡಿಗೆ ಕೈ ಹಾಕಿದ. ಕೆಸರಕ್ಕ ಅವನ ಕೈ ಹಿಡಿದಳು.

"ಒಂದು ನಿಮಿಷ ಸಾರ್. ಮೇಡಂನ ಒಂದು ಮಾತು ಕೇಳಿಬಿಡ್ತೀನಿ."

"ಕೇಳೋದೇನಿದೆ? ಕಣ್ಣಿಗೆ ಕಾಣ್ತಿಲ್ವಾ?"

ಅವಳು ಆಗಲೇ ಫೋನು ಕಿವಿಗಿಟ್ಟಿದ್ದಳು. "ಮೇಡಂ, ಒಂದು ಬಕೆಟ್ಟು ಹಳದಿ ತಿರುಗಿದೆ. ನಿಂಬೆಹಣ್ಣಿನ ಹಳದಿ. ಚೆಲ್ಲಬೇಕಾ?"

"ಚೆಲ್ಲಬೇಡಿ!" ಮೇಡಂ ಕೂಗಿದ್ದು ಮೂವರಿಗೂ ಕೇಳಿಸಿತು. "ದಯವಿಟ್ಟು ಯಾರೂ ಮುಟ್ಟಬೇಡಿ ಅದನ್ನ! ಅಯ್ಯೋ, ಅದೇ ನಮಗೆ ಬೇಕಾಗಿದ್ದ ಗುರುತು! ಫಿನಾಲನ್ನ ಅವು ಅರ್ಧ ಕತ್ತರಿಸಿದಾಗ ಆ ಬಣ್ಣ ಬರುತ್ತೆ. ಎಲ್ಲಾ ಕಡೆ ಬರಲ್ಲ, ಕೆಲವು ಜಾತಿಯವು ಮಾತ್ರ ಹಾಗೆ ಮಾಡೋದು. ಅಡುಗೆ ಒಲೆ ಮೇಲಿದೆ ಅಂತ ಅರ್ಥ. ಪೂರ್ತಿ ತಿಂದು ಮುಗಿಸಿದ ಮೇಲೆ ಬಣ್ಣ ತಾನಾಗೇ ಹೋಗುತ್ತೆ. ಕಾಯಿರಿ!"

ಮ್ಯಾನೇಜರ್ ಮೂಗಿನ ಮೇಲಿನ ಕೈ ತೆಗೆದರು. ಒಂದು ಕುರ್ಚಿ ಎಳೆದುಕೊಂಡು ಬಕೆಟ್ಟಿನ ಮುಂದೆ ಕೂತರು. ಮೂವರೂ ಕಾದರು. ಹನ್ನೊಂದು ಗಂಟೆಗೆ ಹಳದಿ ತುಸು ಮಾಸಿತು. ಎರಡು ಗಂಟೆಗೆ ಒಣಹುಲ್ಲಿನ ಬಣ್ಣ. ನಾಲ್ಕು ಗಂಟೆಗೆ ಬಕೆಟ್ಟು ಮೊದಲಿನಂತೆ ಕೆಸರಿನ ಬಣ್ಣಕ್ಕೆ ಬಂತು. ಕೆಸರಕ್ಕ ನಳಿಗೆಗೆ ನೀರು ಸೋಸಿ, ಹನಿ ಬಿಟ್ಟಳು. ಕೆಂಪಾಗಲಿಲ್ಲ. ಇನ್ನೊಂದು ಸಲ ಮಾಡಿದಳು. ಆಗಲೂ ಇಲ್ಲ.

ಅವಳು ಬಕೆಟ್ಟಿನ ಪಕ್ಕದಲ್ಲಿ ನೆಲದ ಮೇಲೇ ಕೂತು, ಅದರ ಅಂಚು ಹಿಡಿದುಕೊಂಡು, "ದೊಡ್ಡ ಉಪಕಾರ ಆಯ್ತು ಕಣ್ರಪ್ಪಾ," ಅಂದಳು. ಪಕ್ಕದಲ್ಲಿ ಮ್ಯಾನೇಜರ್ ಇದ್ದಾರೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ಮ್ಯಾನೇಜರ್ ಬಕೆಟ್ಟಿನೊಳಗೆ ಇಣುಕಿ, "ನಾನೂ ತಪ್ಪಾಯ್ತು ಅಂತ ಹೇಳಿದೆ ಅನ್ನಿ," ಎಂದರು.

ಉಳಿದ ಐದು ಬಕೆಟ್ಟು ಕೊನೆಗೂ ಏಳಲಿಲ್ಲ. ಆ ಒಂದೇ ಒಂದರಿಂದ ಹೊಸ ಸಂಸಾರ ಹೂಡಬೇಕಾಯಿತು. ಒಂದು ಚಮಚ ಎರಡಾಯಿತು, ಎರಡು ನಾಲ್ಕಾಯಿತು. ಬಕೆಟ್ಟಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಸಿಮೆಂಟಿನ ಸಣ್ಣ ತೊಟ್ಟಿಗೆ. ದೊಡ್ಡ ತೊಟ್ಟಿಯ ಸತ್ತ ನೀರನ್ನು ಟ್ಯಾಂಕರುಗಳಲ್ಲಿ ತುಂಬಿ, ಅಪಾಯದ ತ್ಯಾಜ್ಯ ಸುಡುವ ಕಡೆಗೆ ಸಾಗಿಸಿ, ತೊಟ್ಟಿ ತೊಳೆದರು. ಒಂದು ದಿನ ಅವಸರಪಟ್ಟು ಒಂದು ಮಗ್ ಹೆಚ್ಚಿಗೆ ಕೊಟ್ಟಾಗ ಸಣ್ಣ ತೊಟ್ಟಿ ಅರ್ಧ ದಿನ ಮಂಕಾಗಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಗಟ್ಟಿಪಿಂಡಗಳು ಸಂಜೆಗೆ ಮತ್ತೆ ಎದ್ದವು.

ಮೂವತ್ತನೆಯ ದಿನ ನೀರಿನ ಅಧಿಕಾರಿ ಬಂದಾಗ ದೊಡ್ಡ ತೊಟ್ಟಿ ಕಾಲುಭಾಗವೂ ತುಂಬಿರಲಿಲ್ಲ. ಆದರೆ ತುಂಬಿದಷ್ಟರಲ್ಲಿ ಗಾಳಿ ಗುಳುಗುಳು ಏಳುತ್ತಿತ್ತು, ಬಣ್ಣ ಟೀಯದ್ದಾಗಿತ್ತು. ಅವರು ತಮ್ಮ ಕೈಯಾರೆ ನೀರು ತೆಗೆದು, ತಮ್ಮದೇ ಔಷಧದ ಹನಿ ಬಿಟ್ಟರು. ನಳಿಗೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಂಪಿನ ಸುಳಿವೇ ಇರಲಿಲ್ಲ.

"ಎಲ್ಲಿಂದ ತಂದಿರಿ ಈ ಕೆಸರು?"

ಗುಂಡಿಯ ಸುದ್ದಿ ಹೇಳಿದರೆ ಹಳೆಯ ತಪ್ಪೂ ಹೊರಬರುತ್ತದೆ. ಆದರೆ ಹಿಂದಿನ ರಾತ್ರಿಯ ಊಟದ ಹೊತ್ತಿಗೆ ಮಾವ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು: ಕೇಳಿದರೆ ಮುಚ್ಚಿಡಬೇಡ, ನನ್ನ ಹೆಸರು ಹೇಳು. ಕೆಸರಕ್ಕ ಎಲ್ಲವನ್ನೂ ಹೇಳಿದಳು. ಅಧಿಕಾರಿ ಬರೆದುಕೊಂಡರು. ಕಾರ್ಖಾನೆ ಅರ್ಧದಷ್ಟು ಕೆಲಸ ಶುರುಮಾಡಲು ಒಪ್ಪಿಗೆ ಕೊಟ್ಟರು, ಗುಂಡಿಯನ್ನೂ ಬಾವಿಯನ್ನೂ ಪರೀಕ್ಷಿಸಿ ಶುಚಿಮಾಡಬೇಕೆಂದು ಮ್ಯಾನೇಜರಿಗೆ ಕಾಗದ ಬರೆದುಕೊಟ್ಟರು. ಹೊರಡುವಾಗ, "ನಿಮ್ಮ ಮಾವನಿಗೆ ನನ್ನ ನಮಸ್ಕಾರ ತಿಳಿಸಿ," ಅಂದರು.

ಆ ನಮಸ್ಕಾರವನ್ನು ಮಾವ ಒಪ್ಪಿಕೊಳ್ಳಲಿಲ್ಲ. "ನನಗ್ಯಾಕೆ? ನಾನು ವಿಷ ಹಾಕಿದೋನು. ಉಪಕಾರ ಮಾಡಿದ್ದು ಅವು."

"ಹೌದು ಮಾವ, ಹಾಕಿದ್ದು ನೀವೇ," ಅಂದಳು ಕೆಸರಕ್ಕ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ನೇರವಾಗಿ ಹೇಳಿದಳು. "ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ನೀವು ಬಾಯಿ ಬಿಡದೇ ಇದ್ದಿದ್ರೆ ಇವತ್ತು ನೂರ ನಲವತ್ತು ಮನೆ ಒಲೆ ಆರಿರ್ತಿತ್ತು. ಅದಕ್ಕೆ ನಾನು ನಿಮಗೆ ಋಣಿ. ಎರಡೂ ನಿಜ."

ಮಾವ ಅಂದರು: "ಹಾಗಾದ್ರೆ ಭಾನುವಾರ ನನ್ನನ್ನ ಕೊನೇ ಮನೆಗೆ ಕರ್ಕೊಂಡು ಹೋಗು."

ಸಾಲಿನ ಕೊನೆಯ ಮನೆಯಲ್ಲಿ ದರ್ಜಿ ಅಜ್ಜಿ ಇದ್ದಳು. ಬಾವಿಯ ಕಾಲದವರಲ್ಲಿ ಅಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಭಾನುವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಾಗ ಕೆಸರಕ್ಕ ಗಾಲಿ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ನಿಲ್ಲಿಸಿದಳು. ಮಾವ ಪೀಠಿಕೆ ಹಾಕಲಿಲ್ಲ. ಬಾವಿ ಹಳೆಯದಾಗಿ ಕೆಟ್ಟದ್ದಲ್ಲ, ನಾನು ಸುರಿದದ್ದರಿಂದ ಕೆಟ್ಟದ್ದು ಅಂದರು. ಗೊತ್ತಿದ್ದೂ ಸುಮ್ಮನಿದ್ದೆ ಅಂದರು.

ಯಂತ್ರ ನಿಂತಿತು. ಅಜ್ಜಿ ಸೂಜಿಯಿಂದ ದಾರ ಬಿಡಿಸಿ, ಬಟ್ಟೆ ಮಡಿಸಿಟ್ಟಳು.

"ಮೂರು ವರ್ಷ," ಅಂದಳು. "ನಲ್ಲಿ ಬರೋವರೆಗೆ ಮೂರು ವರ್ಷ ರೈಲು ಹಳಿ ದಾಟಿ ನೀರು ಹೊತ್ತೆ. ಹೊಟ್ಟೇಲಿ ಮಗು ಇದ್ದಾಗಲೂ ಹೊತ್ತೆ. ನೀನು ದಿನಾ ಸೈಕಲ್ಲಲ್ಲಿ ಎದುರಿಗೆ ಬರ್ತಿದ್ದೆ."

"ಬರ್ತಿದ್ದೆ."

"ಒಂದೆರಡು ಸಲ ನೀನೇ ನನ್ನ ಕೊಡ ಇಳಿಸಿಕೊಂಡು ನಿನ್ನ ಸೈಕಲ್ ಮೇಲೆ ಇಟ್ಕೊಂಡು ಬಂದೆ. ಎಂಥ ಒಳ್ಳೇ ಮನುಷ್ಯ ನೀನು ಅಂದ್ಕೊಂಡೆ."

ಮಾವ ತಲೆ ತಗ್ಗಿಸಿದರು. ಅಜ್ಜಿ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೇನೋ ಅಂದುಕೊಂಡ ಕೆಸರಕ್ಕ ಕುರ್ಚಿ ತಿರುಗಿಸಲು ಹೊರಟಳು. ಅಷ್ಟರಲ್ಲಿ ಅಜ್ಜಿ ಒಂದು ಲೋಟ ನೀರು ತಂದು ಮಾವನ ಕೈಗೆ ಕೊಟ್ಟಳು. "ಕುಡಿ. ಗಂಟಲು ಒಣಗಿದೆ ನಿಂದು. ನೀನು ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳೋಕೆ ನನಗೆ ಟೈಮು ಬೇಕು. ಹೇಳಿದ್ಯಲ್ಲ, ಅದಕ್ಕೆ ಈ ನೀರು."

ಕೆಸರಕ್ಕನ ಕಡೆ ತಿರುಗಿ ಕೇಳಿದಳು: "ಆ ಬಾವಿ ನೀರು ಈಗ ಕುಡೀಬಹುದಾ?"

"ಇಲ್ಲ ಅಜ್ಜಿ. ಇನ್ನೂ ಇಲ್ಲ. ಗುಂಡಿ ಕೆಳಗೆ ಇನ್ನೂ ಉಳಿದಿದೆ. ಅವು ತಿಂತಾ ಇದಾವೆ. ನಾವೂ ಶುಚಿ ಮಾಡಿಸ್ತೀವಿ, ಪರೀಕ್ಷೆ ಮಾಡಿಸ್ತೀವಿ."

"ಯಾವು ತಿಂತಾ ಇರೋದು?" ಅಜ್ಜಿ ಹುಬ್ಬು ಗಂಟಿಕ್ಕಿದಳು.

ಮುಂದಿನ ಶನಿವಾರ ಕಾಲೇಜಿನ ಮೇಡಂ ಘಟಕಕ್ಕೆ ಬಂದರು, ಮರದ ಪೆಟ್ಟಿಗೆಯಲ್ಲಿ ತಮ್ಮ ಸೂಕ್ಷ್ಮದರ್ಶಕವನ್ನು ಹೊತ್ತು. ಮೊದಲು ಕೈ ಕುಲುಕಿದ್ದು ಗಾಲಿ ಕುರ್ಚಿಯಲ್ಲಿದ್ದ ಮಾವನದ್ದು. ಮಾವ ಕಲೆಗಟ್ಟಿದ ಬೆರಳುಗಳನ್ನು ಹಿಂದೆಳೆದುಕೊಳ್ಳಲು ನೋಡಿದರೂ ಅವರು ಬಿಡಲಿಲ್ಲ. ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು, ತೊಟ್ಟಿಯ ಒಂದು ಹನಿ ನೀರನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ತಿರುಪು ತಿರುಗಿಸಿ, "ಬನ್ನಿ ಯಜಮಾನ್ರೇ, ನೀವೇ ಮೊದಲು," ಅಂದರು.

ಮಾವ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಅವರ ಬಾಯಿ ತಾನಾಗಿ ತೆರೆದುಕೊಂಡಿತು.

"ಓಡಾಡ್ತಿದಾವೆ," ಅಂದರು ಮೆಲ್ಲಗೆ. "ಸಣ್ಣ ಸಣ್ಣ ಕಡ್ಡಿಗಳ ಹಾಗೆ. ಏನು ಅವಸರ ಇವಕ್ಕೆ!"

"ಹಸಿವು ಮಾವ," ಅಂದಳು ಕೆಸರಕ್ಕ.

ಬೋಲ್ಟಣ್ಣ ತಂದಿಟ್ಟ ಟೀ ಆರುತ್ತಿತ್ತು. ಮಾವ ಕಣ್ಣು ತೆಗೆಯಲಿಲ್ಲ. ಅವರ ತುಟಿಗಳು ಅಲುಗಾಡುತ್ತಿದ್ದವು, ಆ ಹನಿ ನೀರಿಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ ಏನೋ ಹೇಳುತ್ತಿದ್ದರು. ಯಾರೂ ಏನೆಂದು ಕೇಳಲಿಲ್ಲ.

ಹಿಂದಿನಿಂದ ಗೊಣಗಾಟ ಕೇಳಿಸಿತು. ದರ್ಜಿ ಅಜ್ಜಿ ಯಾರೂ ಕರೆಯದೆ ಬಂದು, ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟು ಹೊತ್ತು ನೋಡ್ತೀಯ ನೀನೊಬ್ಬನೇ?" ಎಂದು ಮಾವನ ಭುಜವನ್ನು ಬೆರಳಿನಿಂದ ತಿವಿದಳು. "ಸರಿ ಆ ಕಡೆ. ನಾನೂ ನೋಡ್ಬೇಕು."